ಇಡೀ ಕಡುಬು

26 ಆಗಸ್ಟ್ 2025, ಮಂಗಳವಾರ

ಗೌರಿಹಬ್ಬ. ಎದುರು ಮನೆಯ ಭೂತಮ್ಮ ಎಂದಿನಂತೆ ಕಡುಬಿನ ತಟ್ಟೆ ಕಳಿಸಿದ್ದಳು. ಮೇಲೆ ಮುಚ್ಚಿದ್ದ ಬಾಳೆಎಲೆಯನ್ನೂ ಎತ್ತಿ ನೋಡದೆ ವಾಪಸ್ಸು ಕಳಿಸಿದೆ.

ತಂದವಳು ಅವಳ ಸೊಸೆ ಗಂಗಲಕ್ಷ್ಮಿ. ಹೊಸ ಸೀರೆ ಉಟ್ಟು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು.

“ಇಸ್ಕೊಳಿ ಚಾಚಾ. ಅತ್ತೆ ಬೆಳಗ್ಗೆ ಬೇಗ ಎದ್ದು ಮಾಡೌರೆ.”

“ನಿಮ್ಮತ್ತೆಗೆ ಹೇಳು, ಈ ಮನೇಲಿ ತಿನ್ನೋ ಬಾಯಿ ಹೊಲ್ದುಬಿಟ್ಟವ್ರೆ ಅಂತ.”

“ಹಬ್ಬದ ದಿನ ತುಂಬಿದ ತಟ್ಟೆ ತಿರುಗಿಸ್ಬಾರ್ದು ಚಾಚಾ.”

“ಹಂಗಾದ್ರೆ ದಾರೀಲಿ ಹಸೂಗೆ ಹಾಕ್ಬುಡು. ಖಾಲಿ ತಟ್ಟೆ ತಗೊಂಡೋಗು.”

ಮೂವತ್ತೊಂದು ವರ್ಷದಿಂದ ತಟ್ಟೆಗಳು ಈ ರಸ್ತೆ ದಾಟಿವೆ. ಅಲ್ಲಿಂದ ಕಡುಬು, ಇಲ್ಲಿಂದ ರಂಜಾನಿನ ಶಾವಿಗೆ ಪಾಯಸ. ಯಾವ ತಟ್ಟೆಯೂ ಖಾಲಿ ಹಿಂತಿರುಗಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವುದು ಈ ಬೀದಿಯ ಪದ್ಧತಿ. ಇವತ್ತು ಅದನ್ನು ಮುರಿದವನು ನಾನು. ಕಾರಣ ಬರೆದಿಡುತ್ತೇನೆ. ನಾಳೆ ಯಾರೂ ಟೈಲರ್ ಗೌಸ್ ಪೀರ್ ಸುಮ್ಮಸುಮ್ಮನೆ ಜಗಳ ತೆಗೆದ ಎನ್ನಬಾರದು.

ನನ್ನ ಹೆಂಡತಿ ಖತೀಜಾ ಬೀಗೆ ಎಡಗೆನ್ನೆಯ ಕ್ಯಾನ್ಸರ್. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕೊಯ್ದರು. ತೊಡೆಯ ಮಾಂಸ ತೆಗೆದು ಕೆನ್ನೆಗೆ ತೇಪೆ ಹಾಕಿದರು. ಆಮೇಲೆ ಮೂವತ್ತು ದಿನ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ತೇಪೆ ಅಚ್ಚುಕಟ್ಟಾಗಿಯೇ ಇದೆ, ನಲವತ್ತು ವರ್ಷ ಕತ್ತರಿ ಹಿಡಿದವನು ಹೇಳುತ್ತಿದ್ದೇನೆ. ಆದರೆ ಬಟ್ಟೆ ಕುಗ್ಗುತ್ತದೆ ಎಂದು ಗೊತ್ತಿದ್ದವನು ಒಳಗೆ ಒಂದಿಷ್ಟು ಬಿಟ್ಟು ಹೊಲಿಯುತ್ತಾನೆ. ಅವರು ಬಿಡಲಿಲ್ಲ. ಈಗ ಅವಳ ಬಾಯಿ ಒಂದು ಬೆರಳು ತೂರುವಷ್ಟೇ ತೆರೆಯುತ್ತದೆ. ಮೂಗಿನ ನಳಿಕೆ ತೆಗೆದು ಹದಿನೆಂಟು ದಿನವಾಯಿತು. ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಮತ್ತೆ ತೋರಿಸಬೇಕು. ಅಷ್ಟರೊಳಗೆ ಬಾಯಿಂದ ತಿನ್ನುವುದು ಕಲಿಯದೆ ತೂಕ ಇಳಿಸಿಕೊಂಡರೆ ನಳಿಕೆ ಮತ್ತೆ ಹಾಕುತ್ತಾರಂತೆ, ಈ ಸಲ ಹೊಟ್ಟೆಗೇ.

ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಹತ್ತು ಸೂಚನೆಗಳಿವೆ. ಒಂಬತ್ತನ್ನು ಅವಳಿಗೆ ಓದಿ ಹೇಳಿದೆ. ಹತ್ತನೆಯದು: ನಾಲಿಗೆಗೆ ರುಚಿ ತಿಳಿಯದೆ ಹೋಗಬಹುದು, ಕೆಲವರಿಗೆ ವರ್ಷ ಹಿಡಿಯಬಹುದು, ಕೆಲವರಿಗೆ ಮರಳದೆಯೂ ಇರಬಹುದು. ಇದನ್ನು ಓದಲಿಲ್ಲ. ಗಂಜಿ ಸಪ್ಪೆ ಎಂದು ಅವಳು ಮಗಳನ್ನು ಬೈಯುತ್ತಾಳೆ. ಬೈಯಲಿ.

ಇದಕ್ಕೆಲ್ಲ ಮೂಲ ಹೊಗೆಸೊಪ್ಪು. ಹೊಗೆಸೊಪ್ಪಿಗೆ ಮೂಲ ಭೂತಮ್ಮ. 1999ರ ಮೇ ತಿಂಗಳು, ಭೂತಮ್ಮನ ನಾದಿನಿಯ ಮಗಳ ಮದುವೆ. ಚಪ್ಪರದ ಮೂಲೆಯಲ್ಲಿ ಕೂತು ಖತೀಜಾಳ ಬಾಯಿಗೆ ಮೊದಲ ಎಲೆ ಇಟ್ಟವಳು ಅವಳೇ. ಕಣ್ಣಾರೆ ಕಂಡಿದ್ದೇನೆ. ಅವಳುಟ್ಟಿದ್ದ ಸೀರೆಯೂ ನೆನಪಿದೆ: ಗಿಳಿಹಸಿರು, ಕೆಂಪು ಅಂಚು. ರವಿಕೆ ನಾನೇ ಹೊಲಿದದ್ದು. ಅವಳು ಎಪ್ಪತ್ತೆರಡರಲ್ಲೂ ದವಡೆ ತುಂಬ ಜಗಿಯುತ್ತ ಕೊಬ್ಬರಿ ಮಂಡಿಗೆ ಚಿಪ್ಪು ಬಿಡಿಸಲು ಹೋಗುತ್ತಾಳೆ. ಅವಳಿಗೆ ಒಂದು ಹುಣ್ಣೂ ಆಗಿಲ್ಲ.

ಊರು ಮರೆಯಬಹುದು. ನಾನು ಮರೆಯುವವನಲ್ಲ.

27 ಆಗಸ್ಟ್, ಬುಧವಾರ

ಖತೀಜಾ ಗಂಜಿ ಮುಟ್ಟಲಿಲ್ಲ. ಹಾಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ತಟ್ಟೆ ವಾಪಸ್ಸು ಹೋದದ್ದು ಕಿಟಕಿಯಿಂದ ಕಂಡಿದೆ. ಕಾಣಲಿ.

29 ಆಗಸ್ಟ್, ಶುಕ್ರವಾರ

ವಾರಕ್ಕೊಮ್ಮೆ ಬಂದು ಹೋಗುವ ಮಗಳು ಆಯೇಷಾ ತುರುವೇಕೆರೆಯಿಂದ ಬಂದಳು. ಬಂದವಳೇ ಮಿಕ್ಸಿಯ ಮುಂದೆ ನಿಂತಳು. ಅವಳಿಗೆ ಮಿಕ್ಸಿಯಲ್ಲಿ ಅರೆಯಲಾಗದ್ದು ಯಾವುದೂ ಇಲ್ಲ. ಇಡ್ಲಿ ಅರೆದಳು, ಬಾಳೆಹಣ್ಣು ಅರೆದಳು, ಬಿರಿಯಾನಿ ಅರೆಯಲು ಹೊರಟಾಗ ಅವಳಮ್ಮ ಎದ್ದು ಕೂತಳು.

ಖತೀಜಾ ದಬ್ಬೇಘಟ್ಟದವಳು. ಅವಳ ಪ್ರೀತಿ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಈಚೆಗೆ ಬರೀ ಕನ್ನಡ. ಮಾತು ತೊದಲುತ್ತದೆ, ಆದರೂ ನನಗೆ ಒಂದಕ್ಷರ ಬಿಡದೆ ತಿಳಿಯುತ್ತದೆ.

“ಆರು ತಿಂಗಳಿಂದ ಕೂಸಿನ ಹಂಗೆ ನೆಕ್ತಾ ಇದೀನಿ. ಇನ್ನ ನೆಕ್ಕಲ್ಲ.”

“ಮತ್ತೆ ಏನು ತಿಂತೀಯಮ್ಮಾ?” ಎಂದಳು ಆಯೇಷಾ.

“ಕಡುಬು ಬಂದಿತ್ತಲ್ಲ. ನಿಮ್ಮಪ್ಪ ಹಸೂಗೆ ಹಾಕ್ಸಿದ್ರು.”

“ನಾನ್ ಮಾಡ್ತೀನಿ ಬುಡು. ಸಣ್ಣಗೆ ತುಂಡು ಮಾಡಿ ಚಮಚದಲ್ಲಿ…”

“ಕಡುಬು ಬಾಯಲ್ಲಿ ಒಡೀಬೇಕು ಕಣೇ. ತಟ್ಟೇಲಿ ಒಡೆದದ್ದು ಕಡುಬಲ್ಲ, ಎಂಜಲು. ಇಡೀ ಕಡುಬು ಕೊಡೋದಾದ್ರೆ ಕೊಡಿ. ಇಲ್ಲಾಂದ್ರೆ ಆ ನಳಿಕೆನೇ ಹಾಕ್ಸಿಬುಡಿ, ನಂಗೂ ಸಾಕಾಗಿದೆ.”

ಆಯೇಷಾ ಅಡಿಗೆಮನೆಗೆ ಹೋಗಿ ಅತ್ತಳು. ನಾನು ಟೇಪು ತಂದೆ.

“ಬಾಯಿ ತೆಗಿ.”

ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಮುಕ್ಕಾಲು ಇಂಚೂ ಇಲ್ಲ. ಬಾಯಿ ಅಗಲಿಸುವ ವ್ಯಾಯಾಮಕ್ಕೆ ಆಸ್ಪತ್ರೆಯವರು ಐಸ್‌ಕ್ರೀಮ್ ಕಡ್ಡಿಯಂಥ ಮರದ ಕಡ್ಡಿಗಳನ್ನು ಕೊಟ್ಟಿದ್ದಾರೆ. ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಿಕೊಳ್ಳಬೇಕು. ಒಂಬತ್ತು ಕಡ್ಡಿ ಹಿಡಿಯಿತು. ಹದಿನೈದಾದರೆ ಮನುಷ್ಯರ ಬಾಯಿ ಎನ್ನುತ್ತಾರೆ.

ಮುಕ್ಕಾಲು ಇಂಚಿನ ಕಿಂಡಿಯಲ್ಲಿ ಒಡೆಯದೆ ಒಳಹೋಗುವ ಕಡುಬಿಗೆ ಎಷ್ಟಗಲದ ಹಿಟ್ಟಿನ ಹಾಳೆ ತಟ್ಟಬೇಕು? ಮೂವತ್ತು ಸಾವಿರ ಅಂಗಿಗೆ ಅಳತೆ ತೆಗೆದವನು ನಾನು. ಒಂದು ಕಡುಬಿನ ಅಳತೆಗೆ ಎದುರು ಮನೆಯ ಬಾಗಿಲು ತಟ್ಟುವವನಲ್ಲ.

31 ಆಗಸ್ಟ್, ಭಾನುವಾರ

ಅಳತೆ ಎಂದ ಮೇಲೆ ಕಾಗದದ ಮಾದರಿ ಬೇಕು. ಪತ್ರಿಕೆಗೆ ಪತ್ರ ಬರೆಯಲೆಂದು ತಂದಿಟ್ಟ ಪೋಸ್ಟ್ ಕಾರ್ಡುಗಳಿದ್ದವು. ಮೂರು ಇಂಚಿನದೊಂದು, ಎರಡು ಇಂಚಿನದೊಂದು, ಒಂದೂವರೆಯದೊಂದು ಚಕ್ರ ಕತ್ತರಿಸಿ ಅಂಚಿನಲ್ಲಿ ಅಳತೆ ಬರೆದೆ. ಬೀದಿದೀಪದ ಬಗ್ಗೆ ಅರ್ಧ ಬರೆದಿದ್ದ ಕಾರ್ಡೂ ಹೋಯಿತು. ಇನ್ನೊಮ್ಮೆ ಬರೆದರಾಯಿತು, ದೀಪ ಹೇಗೂ ಹತ್ತುವುದಿಲ್ಲ.

ಖತೀಜಾ ಮಂಚದಿಂದಲೇ ಹೇಳಿಕೊಟ್ಟಳು. ನೀರು ಕುದಿಸಿ, ಉಪ್ಪು, ಒಂದು ಚಮಚ ಎಣ್ಣೆ, ಆಮೇಲೆ ಅಕ್ಕಿಹಿಟ್ಟು. ಬಿಸಿ ಇರುವಾಗಲೇ ನಾದಬೇಕು. ಕೈ ಸುಟ್ಟುಕೊಂಡೆ. ಹೂರಣಕ್ಕೆ ಕಾಯಿತುರಿ, ಬೆಲ್ಲ, ಏಲಕ್ಕಿ. ತೆಂಗಿನ ಸೀಮೆಯಲ್ಲಿ ಹುಟ್ಟಿ ಅರವತ್ತಾರು ವರ್ಷಕ್ಕೆ ಮೊದಲ ಸಲ ಕಾಯಿ ತುರಿದೆ.

ಮೊದಲ ಪ್ರಯತ್ನಕ್ಕೆ ಮೂರು ಇಂಚು. ಹೂರಣ ಇಟ್ಟು, ಮಡಿಸಿ, ಅಂಚಿಗೆ ಅರ್ಧ ಇಂಚು ಬಿಟ್ಟು ಒತ್ತಿದೆ. ಬೆಂದ ಮೇಲೆ ಆ ಅಂಚು ಹಲಗೆಯಂತೆ ಗಟ್ಟಿಯಾಗಿ ನಿಂತಿತು. ಖತೀಜಾ ತಿರುಗಿಸಿ ತಿರುಗಿಸಿ ನೋಡಿದಳು.

“ಇಷ್ಟಗಲ ಅಂಚು ಯಾಕ್ರೀ ಬಿಟ್ಟಿದೀರಾ?”

“ಅಭ್ಯಾಸ. ಒಳಗೆ ಬಿಡ್ಬೇಕಲ್ಲ.”

“ಮುಂದಿನ ವರ್ಷಕ್ಕೆ ಕಡುಬು ಬೆಳೆಯುತ್ತಾ, ಬಿಚ್ಚಿ ದೊಡ್ಡದು ಮಾಡಕ್ಕೆ?”

ನಗಲು ಹೋಗಿ ತೇಪೆ ಎಳೆದು ಕೆನ್ನೆ ಹಿಡಿದುಕೊಂಡಳು. ಕಡುಬು ಬಾಯಿಗೆ ಹೋಗುವ ಮಾತೇ ಇಲ್ಲ. ಗಂಜಿ ಅರ್ಧ ಲೋಟ ಕುಡಿದಳು.

2 ಸೆಪ್ಟೆಂಬರ್, ಮಂಗಳವಾರ

ಎರಡು ಇಂಚು. ಅಂಚು ಬಿಡಲಿಲ್ಲ. ಹಾಳೆ ಚಿಕ್ಕದಾಯಿತಲ್ಲ, ಹೂರಣವಾದರೂ ಧಾರಾಳವಾಗಿರಲಿ ಎಂದು ತುಂಬಿ, ಎಲ್ಲ ಕಡೆಯಿಂದ ಮೇಲಕ್ಕೆ ಹಿಡಿದು ಗುಂಡಗೆ ಮುಚ್ಚಿದೆ. ನೋಡಲು ಚೆನ್ನಾಗಿತ್ತು. ಹಲ್ಲಿನ ಮುಂದೆ ಬಂದು ನಿಂತಿತು. ಅವಳು ತಳ್ಳಿದಳು. ತುಟಿಯ ಮೇಲೇ ಒಡೆದು ಬೆಲ್ಲದ ನೀರು ಗದ್ದದಿಂದ ಕುತ್ತಿಗೆಗೆ ಇಳಿಯಿತು. ಕರೆಂಟಿಗೆ ಸುಟ್ಟ ಚರ್ಮದ ಮೇಲೆ.

ಒರೆಸಲು ಹೋದರೆ ಕೈ ತಳ್ಳಿದಳು.

ಇದನ್ನೆಲ್ಲ ನಾನು ಯಾರಿಗೆ ಬರೆಯಲಿ? ಎಂಟು ತಿಂಗಳು ‘ಉಷ್ಣಕ್ಕೆ ಆದ ಹುಣ್ಣು’ ಎಂದು ನೇರಳೆ ಬಣ್ಣದ ಔಷಧಿ ಹಚ್ಚಿಸಿದ ಡಾಕ್ಟರಿಗೋ? ಪೊಟ್ಟಣದ ಮೇಲೆ ಕೊಳೆತ ಬಾಯಿಯ ಚಿತ್ರ ಹಾಕಿಸಿ, ಅದೇ ಪೊಟ್ಟಣದಿಂದ ತೆರಿಗೆ ಎತ್ತುವ ಸರ್ಕಾರಕ್ಕೋ? ಅಥವಾ ಸಂಜೆ ನಾಲ್ಕಕ್ಕೆ ಎದುರು ಜಗುಲಿಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರುವವಳಿಗೋ?

4 ಸೆಪ್ಟೆಂಬರ್, ಗುರುವಾರ

ಒಂದೂವರೆ ಇಂಚು. ಗೋಲಿಯಷ್ಟಾಯಿತು. ಒಳಗೆ ಹೂರಣ ಹಿಡಿದದ್ದು ಒಂದು ಚಿಟಿಕೆ. ಬಾಯಿಗೆ ಹೋಯಿತು! ನಾನು ಎದ್ದು ನಿಂತೆ.

ಉರುಳಿಕೊಂಡು ಹೋಗಿ ತೇಪೆಯ ಹಿಂದೆ ಸಿಕ್ಕಿಕೊಂಡಿತು. ಕೆಮ್ಮು, ಕಣ್ಣಲ್ಲಿ ನೀರು. ಬೆರಳು ಹಾಕಿ ತೆಗೆಯಬೇಕೆಂದರೆ ನನ್ನ ಬೆರಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಕೊನೆಗೆ ಅವಳೇ ತಲೆ ಬಗ್ಗಿಸಿ ಉಗಿದಳು.

“ಇದು ಕಡುಬಲ್ಲ. ಮಾತ್ರೆ.”

ಕಡ್ಡಿ ಎಂಟೇ ಹಿಡಿದವು.

6 ಸೆಪ್ಟೆಂಬರ್, ಶನಿವಾರ

ಭೂತಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ರವಿಕೆ, ತೋಳು ಬಿಗಿಯಂತೆ. ಅದು ನೆಪ ಎಂದು ರವಿಕೆಗೂ ಗೊತ್ತಿತ್ತು.

“ಏನಾಗ್ಬೇಕಾಗಿತ್ತು?” ಎಂದೆ.

“ಹಬ್ಬದ ತಟ್ಟೆ ತಿರುಗಿಸ್ದೋರ ಮಕ ನೋಡ್ಬೇಕಾಗಿತ್ತು.”

“ನೋಡಾಯ್ತಲ್ಲ.”

“ಆಯ್ತು. ಹಂಗೇ ಐತೆ, ಹುಳ್ಳಗೆ.” ಮೆಟ್ಟಿಲ ಮೇಲೆ ಕೂತಳು. “ಖತೀಜಾ ಹೆಂಗವಳೆ?”

“ನೀನು ಮಾಡಿಟ್ಟ ಹಾಗೆ ಇದ್ದಾಳೆ.”

“ನಾನೇನ್ ಮಾಡ್ದೆ?”

ಹೇಳಿದೆ. ಮೇ ತಿಂಗಳು, ಚಪ್ಪರ, ಗಿಳಿಹಸಿರು ಸೀರೆ, ಒಂದೂ ಬಿಡಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕೇಳಿದರು. ಭೂತಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದಳು.

“ಎಲೆ ಕೊಟ್ಟೆ ಕಣಪ್ಪ, ಇಲ್ಲ ಅನ್ನಲ್ಲ. ಮದುವೇಲಿ ಎಲೆ ಕೊಡ್ದೆ ಇನ್ನೇನ್ ಕೊಡ್ಲಿ? ಸುಣ್ಣ ಹಚ್ಚಿದ್ದೆ, ಅಡಿಕೆ ಇಟ್ಟಿದ್ದೆ. ಹೊಗೆಸೊಪ್ಪು ಇಟ್ಟಿರ್ಲಿಲ್ಲ. ಆಗ ನಂಗೇ ಅದು ಗೊತ್ತಿರ್ಲಿಲ್ಲ.”

“ಗೊತ್ತಿರ್ಲಿಲ್ವಂತೆ!”

“ನಮ್ಮೆಜಮಾನ್ರು ಹುಚ್ಚರಂಗಯ್ಯ ಸತ್ತ ವರ್ಷ, ನಂಗೆ ಅನ್ನ ಸೇರ್ತಿರ್ಲಿಲ್ಲ, ನಿದ್ದೆ ಬತ್ತಿರ್ಲಿಲ್ಲ. ಆವಾಗ ಒಂದ್ ಎಸಳು ದವಡೆಗಿಟ್ಟು ‘ಭೂತಕ್ಕ, ಇದು ಎಲ್ಲಾ ಮರೆಸುತ್ತೆ’ ಅಂತ ಕಲಿಸ್ದೋಳು ಯಾರು ಗೊತ್ತಾ? ನಿನ್ ಹೆಂಡ್ತಿ. ನಾನ್ಯಾವತ್ತಾದ್ರೂ ಬೀದೀಲಿ ನಿಂತ್ಕೊಂಡು ಅವಳ ಹೆಸರೇಳಿದೀನಾ?”

ನಾನು ಏನೋ ಹೇಳಲು ಹೋದೆ. ಅವಳು ಎದ್ದಳು.

“ಅವಳಿಗೆ ಯಾರು ಕಲಿಸಿದ್ರು ಅಂತ ನಂಗೊತ್ತಿಲ್ಲ. ನೀವು ದಿನಾ ಬುಕ್ಕಲ್ಲಿ ಬರೀತೀರಲ್ಲ ಸಾಬ್ರೇ, ತೆಗೆದು ನೋಡ್ಕಳಿ.”

ರವಿಕೆ ಬಿಟ್ಟು ಹೋಗಿದ್ದಾಳೆ. ಸುಳ್ಳು ಹೇಳುವವರು ಇಷ್ಟು ಜೋರಾಗಿಯೇ ಹೇಳುತ್ತಾರೆ. ನಾಳೆ ಹಳೆಯ ದಿನಚರಿಗಳ ಟ್ರಂಕು ತೆಗೆದು, ತಾರೀಖು ಸಮೇತ ಅವಳ ಮುಂದೆ ಇಡುತ್ತೇನೆ.

7 ಸೆಪ್ಟೆಂಬರ್, ಭಾನುವಾರ

1999ರ ಪುಸ್ತಕ ಸಿಕ್ಕಿತು. ಮೇ ತಿಂಗಳಲ್ಲಿ ಮದುವೆ ಇದೆ. ಗಿಳಿಹಸಿರು ರವಿಕೆಯೂ ಇದೆ. ನನ್ನ ನೆನಪು ಸರಿಯಾಗಿದೆ.

ಎರಡು ಪುಟ ಆಚೆ ಇರುವುದನ್ನೂ ಇದ್ದ ಹಾಗೆಯೇ ಇಲ್ಲಿ ಇಳಿಸುತ್ತೇನೆ:

‘3 ಜೂನ್, ಗುರುವಾರ. ಶಾಲೆಯ ಅಂಗಿಗಳನ್ನು ಶನಿವಾರ ಕೊಡಬೇಕು. ಖತೀಜಾಗೆ ದವಡೆಹಲ್ಲಿನ ನೋವು, ಗುಂಡಿಯ ಕಾಜ ಹೊಲಿಯಲಾರೆ ಎಂದು ಅಳು. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅರ್ಧ ದಿನ ಹಾಳು. ಒಂದು ಎಸಳು ಹೊಗೆಸೊಪ್ಪು ತಂದು ಹಲ್ಲಿಗೆ ಒತ್ತಿಕೊಳ್ಳಲು ಕೊಟ್ಟೆ. ತಲೆ ಸುತ್ತುತ್ತದೆ ಎಂದಳು. ಸ್ವಲ್ಪ ಹೊತ್ತಿಗೆ ನೋವು ನಿಂತಿತು. ಕಾಜ ಎಲ್ಲ ಮುಗಿಯಿತು. ದೇವರು ದೊಡ್ಡವನು.’

ಇದರಲ್ಲಿ ಭೂತಮ್ಮನ ಹೆಸರಿಲ್ಲ. ಬರೆಯಲು ಬಿಟ್ಟುಹೋಗಿರಬಹುದು. ಔಷಧಿ ಬೇರೆ, ಚಟ ಬೇರೆ. ಹಲ್ಲುನೋವಿಗೆ ಹೊಗೆಸೊಪ್ಪು ಆಗ ಎಲ್ಲರೂ ಕೊಡುತ್ತಿದ್ದರು, ಓದಿದವರೂ ಕೊಡುತ್ತಿದ್ದರು. ಯಾವ ಕಡೆಯ ಹಲ್ಲು, ಎಡವೋ ಬಲವೋ, ಅದನ್ನೂ ಬರೆದಿಲ್ಲ.

ಜೂನ್ ಹತ್ತನೇ ತಾರೀಖು ‘ಇನ್ನೊಂದು ಎಸಳು’ ಎಂದಿದೆ. ಹದಿನಾಲ್ಕಕ್ಕೂ ಇದೆ. ಮುಂದೆ ಓದಲಿಲ್ಲ.

9 ಸೆಪ್ಟೆಂಬರ್, ಮಂಗಳವಾರ

ಅಂಗಡಿ ತೆರೆಯಲಿಲ್ಲ. ಹೊಗೆಸೊಪ್ಪಿನ ಬಗ್ಗೆ ಪತ್ರಿಕೆಗೆ ಬರೆಯಬೇಕೆಂದಿದ್ದ ಪತ್ರ ಬರೆಯಲಿಲ್ಲ. ಕಾರ್ಡುಗಳು ಮುಗಿದಿವೆ.

ಖತೀಜಾ ಎರಡು ಲೋಟ ಹಾಲಿನ ಮೇಲೆ ದಿನ ಕಳೆದಳು. ಕೈಬಳೆ ಮೊಣಕೈವರೆಗೆ ಜಾರುತ್ತದೆ.

12 ಸೆಪ್ಟೆಂಬರ್, ಶುಕ್ರವಾರ

ಭೂತಮ್ಮನ ರವಿಕೆಯ ತೋಳು ಬಿಚ್ಚಿ ಕೂತಿದ್ದೆ. ಒಳಗೆ ಒಂದು ಇಂಚು ಬಿಟ್ಟಿದ್ದೆ, ಪುಣ್ಯಕ್ಕೆ. ಖತೀಜಾ ಗೋಡೆ ಹಿಡಿದುಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಮಾರ್ಚಿನಿಂದ ಈಚೆಗೆ ಅಂಗಡಿಯೊಳಗೆ ಬಂದದ್ದು ಇದೇ ಮೊದಲು.

ತಲೆ ಎತ್ತದೆ ಕೇಳಿದೆ. “ಅವತ್ತು ನೋವು ಇತ್ತಲ್ಲ, ಶಾಲೆ ಅಂಗಿ ಹೊಲಿಯೋವಾಗ. ಅದು ಯಾವ ಕಡೆ ಹಲ್ಲು?”

ಅವಳು ಯಾವ ಅಂಗಿ, ಯಾವ ವರ್ಷ ಎಂದು ಕೇಳಲಿಲ್ಲ. ತೇಪೆಯ ಮೇಲೆ ಬೆರಳಿಟ್ಟಳು.

“ಯಾಕೆ ಹೇಳ್ಲಿಲ್ಲ ನೀನು?”

“ಯಾವಾಗ ಹೇಳ್ಲಿ? ನೀವು ಭೂತಕ್ಕನ್ನ ಬಯ್ತಾ ಇದ್ರಿ. ಬಯ್ಯೋವಾಗ ನಿಮಗೆ ಕಿವಿ ಕೇಳ್ಸಲ್ಲ.”

ಸೂಜಿಗೆ ದಾರ ಪೋಣಿಸಲು ನೋಡಿದೆ. ಆಗಲಿಲ್ಲ. ಅವಳು ಇಸ್ಕೊಂಡು ಪೋಣಿಸಿ ಕೊಟ್ಟಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಕಾರ್ಡಿನ ಚಕ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

“ಮೂರು. ಎರಡು. ಒಂದೂವರೆ. ಇನ್ನೇನು, ಮುಂದಿನ ಸಲ ಸಾಸಿವೆಕಾಳಾ?”

“ಬಾಯಿ ಮುಕ್ಕಾಲು ಇಂಚು ಇದ್ರೆ ನಾನೇನ್ ಮಾಡ್ಲಿ?”

ಹ್ಯಾಂಗರಿಗೆ ನೇತುಹಾಕಿದ್ದ ಗಿರಾಕಿಯ ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಗುಂಡಿಯನ್ನು ಬೆರಳಲ್ಲಿ ಹಿಡಿದು ಕಾಜಕ್ಕೆ ಎದುರಾಗಿ ಒತ್ತಿದಳು. ಹೋಗಲಿಲ್ಲ. ಅದೇ ಗುಂಡಿಯನ್ನು ಮಲಗಿಸಿ ಅಡ್ಡಡ್ಡ ತಳ್ಳಿದಳು. ತೂರಿತು. ನನ್ನ ಮುಖ ನೋಡಿದಳು. ಮತ್ತೆ ಹೊರತೆಗೆದು, ಮತ್ತೆ ತೂರಿಸಿದಳು, ದಡ್ಡ ಶಿಷ್ಯನಿಗೆ ತೋರಿಸುವ ಹಾಗೆ.

“ಕಾಜಕ್ಕೆ ಎತ್ತರ ಇರುತ್ತೇನ್ರೀ? ಅಗಲ ಇರುತ್ತೆ. ನನ್ನ ಬಾಯೂ ಅಷ್ಟೇ. ನೀವು ಗುಂಡಿ ಮಾಡೋದು ಬಿಟ್ಟು ಗೋಲಿ ಮಾಡ್ತಾ ಇದೀರ.”

ನಲವತ್ತು ವರ್ಷ ಈ ಅಂಗಡಿಯಲ್ಲಿ ಕತ್ತರಿಸಿದವನು ನಾನು. ಕಾಜ ಹೊಲಿದವಳು ಅವಳು. ನನಗೆ ಅದು ಹೊಳೆಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಅಂದರೆ ಹಾಳೆ ಚಿಕ್ಕದಾಗಬೇಕಿಲ್ಲ. ತೆಳ್ಳಗಾಗಬೇಕು. ಎರಡೂವರೆ ಇಂಚು, ಕಾಗದದಷ್ಟು ತೆಳು, ಹೂರಣ ಒಂದು ಪದರ, ಅರ್ಧಚಂದ್ರಕ್ಕೆ ಮಡಿಸಿ ಚಪ್ಪಟೆ. ಸಂಜೆ ತಟ್ಟಿದೆ. ಹತ್ತರಲ್ಲಿ ಹತ್ತೂ ಸೀಳಿದವು.

13 ಸೆಪ್ಟೆಂಬರ್, ಶನಿವಾರ

ಬೆಂಗಳೂರಿಗೆ ಇನ್ನು ಒಂಬತ್ತು ದಿನ.

ಒಂದು ತಟ್ಟೆಗೆ ಹಿಡಿ ಸಕ್ಕರೆ ಹಾಕಿಕೊಂಡೆ. ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಮಡಿಸಿದ ರವಿಕೆಯನ್ನು ಬಗಲಲ್ಲಿಟ್ಟುಕೊಂಡು ರಸ್ತೆ ದಾಟಿದೆ. ರಸ್ತೆ ಇಷ್ಟು ಅಗಲವಿದೆ ಎಂದು ತಿಳಿದಿರಲಿಲ್ಲ.

ಭೂತಮ್ಮ ಜಗುಲಿಯಲ್ಲಿದ್ದಳು. ಗಂಗಲಕ್ಷ್ಮಿ ಒಳಗಿನಿಂದ ಇಣುಕಿದಳು.

“ರವಿಕೆ,” ಎಂದೆ.

“ತಟ್ಟೆ ಯಾಕೆ?”

“ಸಕ್ಕರೆ.”

ಅವಳು ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಬುಕ್ ತೆಗೆದ್ರಾ?”

“ತೆಗೆದೆ.”

“ಸಿಕ್ತಾ?”

“ಕಡುಬಿನ ಹಾಳೆ ತೆಳ್ಳಗೆ ತಟ್ಟಿದ್ರೆ ಸೀಳುತ್ತೆ,” ಎಂದೆ. “ಅದಕ್ಕೇನು ಮಾಡ್ಬೇಕು?”

ಅವಳು ಬಾಯಲ್ಲಿದ್ದ ಎಲೆಯನ್ನು ಚರಂಡಿಗೆ ಉಗಿದು ಬಂದು ಸಕ್ಕರೆ ತಟ್ಟೆ ಇಸ್ಕೊಂಡಳು.

“ಹಿಟ್ಟು ಹಳೇದಾ, ಹೊಸದಾ?”

“ಅಂಗಡಿ ಪಾಕೀಟಿಂದು.”

“ಥೂ! ಪಾಕೀಟಿನ ಹಿಟ್ಟಲ್ಲಿ ಸಾಬ್ರು ಕಡುಬು ಮಾಡ್ತಾರಂತೆ ಕೇಳೇ ಗಂಗಾ! ಅಕ್ಕಿ ನೆನೆಸು ಕಣೇ. ನಾಳೆ ನೆರಳಲ್ಲಿ ಆರಿಸಿ ಕುಟ್ಟಾನ.” ನನ್ನ ಕಡೆ ತಿರುಗಿದಳು. “ಹೂರಣ ಆಸೆ ಬಿದ್ದು ತುಂಬ್ಬೇಡಿ. ಕಡುಬು ಸೀಳೋದು ಹಾಳೆಯಿಂದಲ್ಲ, ಆಸೆಯಿಂದ.”

14 ಸೆಪ್ಟೆಂಬರ್, ಭಾನುವಾರ

ಭೂತಮ್ಮ ನಮ್ಮ ಅಡಿಗೆಮನೆಗೆ ಬಂದಳು. ಹಿಟ್ಟನ್ನು ಅವಳು ನಾದಿದಳು, ಅಳತೆ ನಾನು ಹಿಡಿದೆ. ಬಾಳೆಎಲೆಗೆ ಎಣ್ಣೆ ಸವರಿ, ಉಂಡೆ ಇಟ್ಟು, ಮೇಲೊಂದು ಎಲೆ ಮುಚ್ಚಿ, ಲೋಟದ ತಳದಿಂದ ಒತ್ತುತ್ತಾಳೆ. ಎರಡೂವರೆ ಇಂಚು ಎಂದರೆ ಎರಡೂವರೆಯೇ. ಮೂರು ಇಂಚಿನ ಕಾರ್ಡಿನ ಚಕ್ರವನ್ನು ಎರಡೂವರೆಗೆ ಕತ್ತರಿಸಿ ಇಟ್ಟು ನೋಡಿದೆ, ಒಂದು ದಾರದಷ್ಟೂ ಹೆಚ್ಚಿಲ್ಲ.

“ಅಳತೆ ಸರಿ ಐತಾ ಟೈಲರ್ ಸಾಬ್ರೇ?”

“ಪರವಾಗಿಲ್ಲ.”

ಬೆಲ್ಲ ನಾನೇ ಕುಟ್ಟಿ ಹಾಕಿದೆ. ಭೂತಮ್ಮ ಹೂರಣದ ಪಾತ್ರೆ ಬೆರಳಲ್ಲಿ ಬಳಿದು ನೆಕ್ಕಿ, “ಜಾಸ್ತೀನೇ ಆಗೈತೆ,” ಎಂದಳು. ನಾನೂ ನೆಕ್ಕಿದೆ. ಗಂಟಲು ಕಟ್ಟುವಷ್ಟು ಸಿಹಿ.

ಐದು ಕಡುಬು ಬೇಯಿಸಿ, ಚೆನ್ನಾಗಿ ಆರಿಸಿ, ತಟ್ಟೆಯಲ್ಲಿಟ್ಟು ಖತೀಜಾಳ ಮುಂದಿಟ್ಟೆ. ಅವಳು ಒಂದನ್ನು ಎತ್ತಿ, ಮಲಗಿಸಿ, ಮೂಲೆಯನ್ನು ಮೊದಲು ತುಟಿಯೊಳಗೆ ತಂದು, ಅಡ್ಡಡ್ಡ ತಳ್ಳಿದಳು. ಹೋಯಿತು. ಒಡೆಯದೆ, ಇಡೀ ಕಡುಬು. ತುಟಿ ಮುಚ್ಚಿದವು.

ಬಲಗಡೆಯ ಹಲ್ಲಿನಲ್ಲಿ ಒತ್ತಿದಳು. ಒಳಗೆ ಒಡೆದದ್ದು ನಮಗೆ ಗೊತ್ತಾಯಿತು, ಕೆನ್ನೆಯ ಬಳಿ ಒಂದು ಸಣ್ಣ ಅಲುಗಾಟ. ಭೂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಖತೀಜಾ ಕಣ್ಣು ಮುಚ್ಚಿ ಕಾದಳು. ಇನ್ನೂ ಕಾದಳು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದಳು.

“ಬೆಲ್ಲ ಹಾಕಿಲ್ವೇನ್ರೀ?”

ಆಸ್ಪತ್ರೆಯ ಹಾಳೆಯ ಹತ್ತನೆಯ ಸೂಚನೆ.

ಭೂತಮ್ಮ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು.

“ಅಯ್ಯೋ,” ಎಂದೆ, “ಮರೆತೆ.”

“ಮರೆತ್ರಾ? ನೀವು?”

“ಕಾಯಿ ತುರಿಯೋ ಗಡಿಬಿಡೀಲಿ.”

ಖತೀಜಾ ಭೂತಮ್ಮನ ಕಡೆ ತಿರುಗಿದಳು. ಭೂತಮ್ಮ ಬೆಲ್ಲ ಅಂಟಿದ್ದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಇವರಿಗೆ ಮರೆವು ಕಣೇ ಖತೀಜಾ. ಇವತ್ತಿಂದಲ್ಲ, ಮೊದಲಿಂದ್ಲೂ ಐತೆ,” ಎಂದಳು.

ಹೌದು ಎಂದೆ.

“ಬೆಲ್ಲ ಮರೆಯೋರು ಕಡುಬು ಯಾಕೆ ಮಾಡ್ಬೇಕು,” ಎಂದು ಗೊಣಗುತ್ತ ಖತೀಜಾ ಎರಡನೆಯದನ್ನು ಎತ್ತಿಕೊಂಡಳು. “ನಾಳೆ ಸರಿಯಾಗಿ ಮಾಡಿ. ನಾನ್ ನೋಡ್ತೀನಿ.”

ಮೂರು ತಿಂದಳು.

18 ಸೆಪ್ಟೆಂಬರ್, ಗುರುವಾರ

ಸೋಮವಾರ ಬೆಲ್ಲ ಮರೆತೆ. ಮಂಗಳವಾರ ಬೆಲ್ಲ ಹಳೆಯದು, ಸಿಹಿ ಹೋಗಿತ್ತು. ಬುಧವಾರ ಮತ್ತೆ ಮರೆತೆ. ಇವತ್ತು ಬೆಲ್ಲವೆಂದು ಹುಣಸೆಹಣ್ಣು ಹಾಕಿಬಿಟ್ಟೆ ಎಂದೆ. ಅದಕ್ಕೆ ಅವಳು ಹುಳಿಯೂ ಇಲ್ಲವಲ್ಲ ಎಂದಳು. ಇನ್ನು ಮೇಲೆ ಸುಳ್ಳನ್ನೂ ಅಳತೆ ನೋಡಿ ಹೇಳಬೇಕು.

ದಿನಕ್ಕೆ ಐದು ಕಡುಬು. ತಪ್ಪು ಹಿಡಿಯಲೆಂದೇ ತಿನ್ನುತ್ತಾಳೆ. ಕಡ್ಡಿ ಹತ್ತು.

ಗಂಗಲಕ್ಷ್ಮಿ ಬೀದಿಯಲ್ಲೆಲ್ಲ ಹೇಳಿದ್ದಾಳೋ, ಖತೀಜಾಳೇ ಕಿಟಕಿಯಿಂದ ಸಾರಿದ್ದಾಳೋ, ಹಾಲಿನವನು ಇವತ್ತು, “ಮರೆವು ಬಂದೈತಂತೆ ಸಾರ್, ನೆಲ್ಲಿಕಾಯಿ ತಿನ್ನಿ,” ಎಂದ. ತಿನ್ನುತ್ತೇನೆ ಎಂದೆ.

22 ಸೆಪ್ಟೆಂಬರ್, ಸೋಮವಾರ

ಬೆಂಗಳೂರು. ತೂಕ ಇಳಿದಿಲ್ಲ. ಏರಿಯೂ ಇಲ್ಲ. ನಳಿಕೆ ಸದ್ಯಕ್ಕೆ ಬೇಡ, ಒಂದು ತಿಂಗಳು ನೋಡೋಣ ಎಂದರು. ಈ ಡಾಕ್ಟರಿಗೆ ಕೇಳಲು ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಚೀಟಿ ಜೇಬಿನಲ್ಲೇ ಇದೆ.

“ಏನು ತಿಂತಾ ಇದೀರಮ್ಮ?” ಎಂದು ಅವರು ಕೇಳಿದರು.

“ಕಡುಬು, ಸಾರ್. ಬರೀ ಸಪ್ಪೆ. ನಮ್ಮನೆಯವರು ದಿನಾ ಬೆಲ್ಲ ಹಾಕೋದು ಮರೀತಾರೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರಿಗೆ ತಿಳಿಯಿತು. ಚಿಕ್ಕ ವಯಸ್ಸಿನವರು, ಇಂಥದ್ದನ್ನು ವಿವರಿಸಿ ಹೇಳುವುದು ತಮ್ಮ ಕರ್ತವ್ಯ ಎಂದು ಓದಿಕೊಂಡಿರುತ್ತಾರೆ. “ನೋಡಿ ಅಮ್ಮ, ಕರೆಂಟು ಕೊಟ್ಟ ಮೇಲೆ…” ಎಂದು ಶುರು ಮಾಡಿದರು.

“ಹೌದು ಸಾರ್,” ಎಂದು ನಡುವೆ ಬಾಯಿ ಹಾಕಿದೆ, ಹೊರಗೆ ಕಾಯುತ್ತಿದ್ದವರಿಗೂ ಕೇಳುವಷ್ಟು ಜೋರಾಗಿ. “ನನಗೆ ಮರೆವು. ಬಹಳ ಹಿಂದಿನಿಂದ. ಅದಕ್ಕೇನಾದ್ರೂ ಔಷಧಿ ಇದ್ರೆ ಬರ್ಕೊಡಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಏನೂ ಬರೆಯದೆ ಫೈಲು ಮುಚ್ಚಿದರು.

ಬಸ್ಸಿನಲ್ಲಿ ತುಮಕೂರು ದಾಟಿದ ಮೇಲೆ ಡಬ್ಬಿ ತೆಗೆದಳು. ಭೂತಮ್ಮ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ನಾಲ್ಕು ಕಡುಬು. ಒಂದನ್ನು ಮಲಗಿಸಿ ಬಾಯಿಗಿಟ್ಟುಕೊಂಡು, ಕಿಟಕಿಯಾಚೆಯ ತೆಂಗಿನ ಮರಗಳನ್ನು ನೋಡುತ್ತ ನಿಧಾನವಾಗಿ ಒತ್ತಿದಳು.

“ಇದಕ್ಕೂ ಹಾಕಿಲ್ಲ,” ಎಂದಳು. “ನಾಳೆನಾದ್ರೂ ನೆನಪಿಟ್ಕೊಂಡು ಹಾಕಿ.”

ಆಗಲಿ ಎಂದೆ.